ಅಜ್ಜಿಯ ಲೆಕ್ಕದ ಪುಸ್ತಕ: ಹೊಸ ಅಡುಗೆಮನೆಗೆ ಎಷ್ಟು ದುಡ್ಡು?

ಪ್ರೀತಿಯ ಮಕ್ಕಳೇ, ಇದನ್ನು ಮಕ್ಕಳಿಗೆ ಓದಿ ಹೇಳುವ ಅಜ್ಜ ಅಜ್ಜಿಯರೇ,

ಹೊಸ ಮನೆಗೆ ಕಾಲಿಟ್ಟ ದಿನ ಮೊದಲು ಮಾಡುವ ಕೆಲಸ ಯಾವುದು? ಹಾಲು ಉಕ್ಕಿಸುವುದು. ನಡುಮನೆಗೆ ಕುರ್ಚಿ ಬಂದಿರುವುದಿಲ್ಲ, ಕಿಟಕಿಗೆ ಪರದೆ ಬಂದಿರುವುದಿಲ್ಲ, ಒಲೆ ಮಾತ್ರ ಹತ್ತಿರುತ್ತದೆ. ಮನೆ ಎಂದರೆ ಮೊದಲು ಅಡುಗೆಮನೆ ಎಂದು ನಮ್ಮ ಹಿರಿಯರು ಎಷ್ಟು ಸರಳವಾಗಿ ತೋರಿಸಿಕೊಟ್ಟಿದ್ದಾರೆ ನೋಡಿ. ಆದರೆ ಆ ಅಡುಗೆಮನೆಗೆ ಎಷ್ಟು ಖರ್ಚು ಮಾಡಬೇಕು ಎಂದು ಮಾತ್ರ ಅವರು ಹೇಳಿ ಹೋಗಿಲ್ಲ. ಈ ವಾರದ ನಮ್ಮ ಲೆಕ್ಕ ಅದೇ.

ಈಗ ಊರೂರಲ್ಲೂ ‘ಮಾಡ್ಯುಲರ್ ಕಿಚನ್’ ಅಂಗಡಿಗಳಿವೆ. ಗಾಜಿನ ಬಾಗಿಲು, ಒಳಗೆ ಥಳಥಳ ಹೊಳೆಯುವ ಕಪಾಟು, ಬೆರಳಲ್ಲಿ ತಳ್ಳಿದರೆ ತಾನೇ ಮೆಲ್ಲಗೆ ಮುಚ್ಚಿಕೊಳ್ಳುವ ಡ್ರಾಯರು. ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆಸೆಪಡುವುದು ತಪ್ಪಲ್ಲ. ಆದರೆ ಅಂಗಡಿಯಲ್ಲಿ ಬೆಲೆ ಇರುವುದು ಪೂರ್ತಿ ಅಡುಗೆಮನೆಗೆ, ಮನೆಯಲ್ಲಿ ನಾವು ಬಳಸುವುದು ಅದರ ಒಂದೊಂದು ಭಾಗವನ್ನು. ಈ ಎರಡರ ನಡುವೆಯೇ ದುಡ್ಡು ಸೋರುವುದು.

ನಮ್ಮ ಮನೆಯಲ್ಲಿ ಈ ವರ್ಷ ಇದೇ ಮಾತು ಬಂತು. ಮೈಸೂರಿನಲ್ಲಿ ನಾವು ಮನೆ ಕಟ್ಟಿದ್ದು 1986ರಲ್ಲಿ. ಅಡುಗೆಮನೆ ಹತ್ತು ಅಡಿಗೆ ಎಂಟಡಿ. ಕೆಳಗೆ ಕಡಪ ಕಲ್ಲಿನ ಗೂಡುಗಳು, ಮೇಲೆ ಚಾಮರಾಜನಗರದ ಕಪ್ಪು ಗ್ರಾನೈಟಿನ ಕಟ್ಟೆ. ಕಲ್ಲು ಇವತ್ತಿಗೂ ಕನ್ನಡಿಯ ಹಾಗಿದೆ. ಆದರೆ ಗೂಡಿಗೆ ಹಾಕಿಸಿದ್ದ ಬಾಗಿಲುಗಳು ನೀರು ಕುಡಿದು ಉಬ್ಬಿ ಮುಚ್ಚುತ್ತಿರಲಿಲ್ಲ. ಒಳಗಿನ ಪಾತ್ರೆ ತೆಗೆಯಬೇಕೆಂದರೆ ನೆಲಕ್ಕೆ ಮಂಡಿಯೂರಿ, ಎದುರಿನ ಆರು ಪಾತ್ರೆ ಹೊರಗಿಟ್ಟು, ಏಳನೆಯದಕ್ಕೆ ಕೈ ಹಾಕಬೇಕು. ಸಿಂಕಿನ ಕೆಳಗೆ ಜಿರಲೆಗಳ ಸಂಸಾರ. ಬದಲಾಯಿಸಲೇಬೇಕು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಜಗಳವಿದ್ದದ್ದು ಎಷ್ಟಕ್ಕೆ ಎನ್ನುವುದರಲ್ಲಿ.

ಮೊದಲ ಅಂಗಡಿಯವರು ಕೊಟ್ಟ ಅಂದಾಜು 4,85,000 ರೂಪಾಯಿ. ಹಾಳೆಯ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿತ್ತು. ಏಳನೇ ತರಗತಿಯ ನಮ್ಮ ಪುಟ್ಟಿ ಅಲ್ಲೇ ನಿಂತು ಶೇಕಡ 18 ಲೆಕ್ಕ ಹಾಕಿದಳು: 87,300. ಒಟ್ಟು 5,72,300! ಎರಡನೆಯ ಅಂಗಡಿಯವರು ರಿಯಾಯಿತಿ ಕಳೆದು 3,60,000 ಎಂದರು. ಮೂರನೆಯವರು ಮನೆಗೇ ಬಂದು ಕೆಲಸ ಮಾಡಿಕೊಡುವ ಆಚಾರಿ. ಅವರು ಹೇಳಿದ್ದು 2,40,000.

ತಾತ, ಅಂದರೆ ನಮ್ಮೆಜಮಾನರು, ಪತ್ರಿಕೆ ಕೆಳಗಿಟ್ಟು ಕೂಗಿದರು: “ಅಡುಗೆಮನೆಗೆ ಐದು ಲಕ್ಷವಾ? ಈ ಇಡೀ ಮನೆ ಕಟ್ಟಿಸಿದ್ದೇ ಒಂದು ಲಕ್ಷ ಅರವತ್ತು ಸಾವಿರದಲ್ಲಿ!”

ಈ ಮಾತನ್ನು ನಿಮ್ಮ ಮನೆಯ ತಾತನೂ ಹೇಳಿರುತ್ತಾರೆ. ಅದಕ್ಕೊಂದು ಉತ್ತರವಿದೆ, ಮಕ್ಕಳೇ. ಹಳೆಯ ರೂಪಾಯಿಯನ್ನೂ ಹೊಸ ರೂಪಾಯಿಯನ್ನೂ ಪಕ್ಕಪಕ್ಕ ಇಡಬಾರದು, ನಡುವೆ ಒಂದು ಅಳತೆಗೋಲು ಬೇಕು. 1986ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಎರಡು ಸಾವಿರ ಚಿಲ್ಲರೆ. ಹಾಗಾದರೆ ನಮ್ಮ ಮನೆಗೆ ಖರ್ಚಾದದ್ದು ಸುಮಾರು 750 ಗ್ರಾಂ ಚಿನ್ನದ ಬೆಲೆ. ಇವತ್ತಿನ ಪತ್ರಿಕೆಯಲ್ಲಿ ಚಿನ್ನದ ದರ ನೋಡಿ ನೀವೇ ಗುಣಿಸಿ. ಪುಟ್ಟಿ ಗುಣಿಸಿ ತೋರಿಸಿದಾಗ ತಾತ ಮತ್ತೆ ಪತ್ರಿಕೆ ಎತ್ತಿಕೊಂಡರು. ಆದರೆ ಅವರ ಪ್ರಶ್ನೆ ಸುಳ್ಳಾಗಲಿಲ್ಲ. ಐದು ಲಕ್ಷ ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ, ಅದು ನಮಗೆ ಏನು ಕೊಡುತ್ತದೆ ಎನ್ನುವುದು ಮುಖ್ಯ.

ರೈಲಿನ ಅಡುಗೆಮನೆಯಿಂದ ಬಂದ ಐಡಿಯಾ

ಇದಕ್ಕೆ ಮೊದಲು ಒಂದು ಕಥೆ ಕೇಳಿ. ಅಳತೆಗೆ ಸರಿಯಾಗಿ ಕೂರುವ ಇಂಥ ಅಡುಗೆಮನೆ ಎಲ್ಲಿ ಶುರುವಾಯಿತು ಗೊತ್ತೇ? ಶ್ರೀಮಂತರ ಬಂಗಲೆಯಲ್ಲಿ ಅಲ್ಲ. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಮನೆಗಳಿಗೆ ತುಂಬಾ ಅಭಾವವಿತ್ತು. ಫ್ರಾಂಕ್‌ಫರ್ಟ್ ನಗರ ಸಾಮಾನ್ಯ ಕೆಲಸಗಾರರಿಗಾಗಿ ಸಾಲುಸಾಲು ಮನೆಗಳನ್ನು ಕಟ್ಟತೊಡಗಿತು. ಆ ಮನೆಗಳಿಗೆ ಅಡುಗೆಮನೆಯ ವಿನ್ಯಾಸ ಮಾಡಿಕೊಟ್ಟವರು ಮಾರ್ಗರೆಟೆ ಶೂಟೆ-ಲಿಹೋಟ್ಸ್‌ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ. ಇಸವಿ 1926. ಹುಟ್ಟಿದ್ದು 1897ರಲ್ಲಿ, ತೀರಿಕೊಂಡದ್ದು 2000ದಲ್ಲಿ. ನೂರಾಮೂರನೆಯ ಹುಟ್ಟುಹಬ್ಬಕ್ಕೆ ಇನ್ನು ಕೆಲವೇ ದಿನಗಳಿದ್ದವು.

ಆಕೆ ನೋಡಿ ಕಲಿತದ್ದು ಏನನ್ನು ಗೊತ್ತೇ? ರೈಲಿನ ಊಟದ ಬೋಗಿಯಲ್ಲಿದ್ದ ಪುಟ್ಟ ಅಡುಗೆಮನೆಯನ್ನು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಜನರಿಗೆ ಅಡುಗೆಯಾಗುತ್ತದೆ ಎಂದರೆ ಮನೆಯಲ್ಲಿ ಯಾಕಾಗಬಾರದು? ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಅಳೆದು ಲೆಕ್ಕ ಹಾಕಿದರು. ಕೊನೆಗೆ ತಯಾರಾದ ಅಡುಗೆಮನೆ ಅಗಲ 1.9 ಮೀಟರ್, ಉದ್ದ 3.4 ಮೀಟರ್. ಅಕ್ಕಿ, ಸಕ್ಕರೆಯಂಥ ಸಾಮಾನಿಗೆ ಹಿಡಿಕೆಯಿರುವ ಅಲ್ಯೂಮಿನಿಯಂ ಡಬ್ಬಗಳು, ಒಂದೊಂದರ ಮೇಲೂ ಹೆಸರು. ಕೂತು ತರಕಾರಿ ಹೆಚ್ಚಲು ತಿರುಗುವ ಸ್ಟೂಲು. ಇಸ್ತ್ರಿಗೆ ಗೋಡೆಯಿಂದ ಮಡಚಿ ಇಳಿಸುವ ಹಲಗೆ. ಇಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಫ್ರಾಂಕ್‌ಫರ್ಟಿನಲ್ಲಿ ಆದವು. ಕೆಲವನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿದ್ದಾರೆ.

ಅದರ ಮೇಲೆ ದೂರೂ ಇತ್ತು. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ! ನಮ್ಮಲ್ಲಿ ಅದು ಹೇಗೆ ಸಾಧ್ಯ? ಒಬ್ಬರು ಒಗ್ಗರಣೆ ಹಾಕುತ್ತಿದ್ದರೆ ಇನ್ನೊಬ್ಬರು ಕಾಯಿ ತುರಿಯುತ್ತಿರಬೇಕು, ಮತ್ತೊಬ್ಬರು ಸುಮ್ಮನೆ ಬಾಗಿಲಿಗೆ ಒರಗಿ ಮಾತಾಡುತ್ತಿರಬೇಕು.

ಕಥೆಯಿಂದ ನಾನು ಎತ್ತಿಕೊಂಡದ್ದು ಇಷ್ಟು: ಆಕೆ ಮೊದಲು ಹೆಜ್ಜೆ ಎಣಿಸಿದರು, ಆಮೇಲೆ ಕಪಾಟು ಮಾಡಿಸಿದರು. ನಾವು ಮೊದಲು ಕಪಾಟಿನ ಬಣ್ಣ ಆರಿಸುತ್ತೇವೆ.

ಪುಟ್ಟಿಯ ಗೆರೆಗಳು

ನಾನು ಪುಟ್ಟಿಗೆ ಒಂದು ಹಳೆಯ ನೋಟ್‌ಬುಕ್ ಕೊಟ್ಟು ಅಡುಗೆಮನೆ ಬಾಗಿಲಿಗೆ ದಾರದಲ್ಲಿ ಕಟ್ಟಿಸಿದೆ. ಒಂದು ವಾರ ಯಾರು ಏನನ್ನು ತೆಗೆದರೂ ಒಂದು ಗೆರೆ. ನಾಲ್ಕು ಗೆರೆ ನಿಲ್ಲಿಸಿ, ಐದನೆಯದಕ್ಕೆ ಅಡ್ಡಗೆರೆ. ನಿಮ್ಮ ಗಣಿತ ಪುಸ್ತಕದಲ್ಲಿ ಇದೆಯಲ್ಲ, ಹಾಗೆ. ಅವಳು ಶಾಲೆಗೆ ಹೋದಾಗ ಗೆರೆ ಹಾಕುವ ಜವಾಬ್ದಾರಿ ತಾತನದು. ವಾರದ ಕೊನೆಗೆ ಸಿಕ್ಕ ಲೆಕ್ಕ ಇದು:

ಸೌಟು, ಚಮಚ, ಚಾಕು: 143
ತಟ್ಟೆ, ಲೋಟ: 118
ಒಗ್ಗರಣೆ ಡಬ್ಬಿ: 61
ಕುಕ್ಕರು: 19
ಮಿಕ್ಸಿ: 16
ಇಡ್ಲಿ ಪಾತ್ರೆ: 2
ಚಕ್ಕುಲಿ ಒರಳು: 0

ಈಗ ಅಂಗಡಿಯವರ ಪಟ್ಟಿಯನ್ನು ಇದರ ಪಕ್ಕಕ್ಕಿಟ್ಟೆವು. ಸೌಟು ಚಮಚಗಳಿಗೆ ಒಂದು ಒಳ್ಳೆಯ ಡ್ರಾಯರು, ಮೆಲ್ಲಗೆ ಮುಚ್ಚಿಕೊಳ್ಳುವ ಕಂಬಿಯ ಸಮೇತ, 9,000 ರೂಪಾಯಿ. ಕೇಳಿದ ಕೂಡಲೇ ‘ಅಬ್ಬಾ’ ಎನಿಸುತ್ತದೆ. ಆದರೆ ವಾರಕ್ಕೆ 143 ಎಂದರೆ ದಿನಕ್ಕೆ ಸುಮಾರು 20 ಸಲ. ಹದಿನೈದು ವರ್ಷ ಬಾಳಿಕೆ ಬಂದರೆ 20 × 365 × 15 = 1,09,500 ಸಲ. ಒಂಬತ್ತು ಸಾವಿರವನ್ನು ಅದರಿಂದ ಭಾಗಿಸಿದರೆ ಒಂದು ಸಲ ತೆಗೆಯಲು ಸುಮಾರು 8 ಪೈಸೆ!

ಪಟ್ಟಿಯಲ್ಲಿ ಇನ್ನೊಂದಿತ್ತು. ಮೂಲೆಯ ಕಪಾಟಿನೊಳಗೆ ಗರಗರ ತಿರುಗಿ ಹೊರಬರುವ ಸ್ಟೀಲ್ ತಟ್ಟೆಗಳು, 28,000 ರೂಪಾಯಿ. ಮಗನಿಗೆ ಅದರ ಮೇಲೆ ಬಹಳ ಮನಸ್ಸು. ನಮ್ಮ ಮನೆಯ ಮೂಲೆಯಲ್ಲಿ ಇರುವುದೇನು? ಚಕ್ಕುಲಿ ಒರಳು, ಹಬ್ಬದ ದೊಡ್ಡ ಪಾತ್ರೆ, ಹೋಳಿಗೆ ಕಾವಲಿ. ವರ್ಷಕ್ಕೆ ನಾಲ್ಕು ಸಲ ತೆಗೆದರೆ ಹೆಚ್ಚು. 4 × 15 = 60. ಇಪ್ಪತ್ತೆಂಟು ಸಾವಿರ ಭಾಗಿಸು ಅರವತ್ತು: ಒಂದು ಸಲಕ್ಕೆ ಸುಮಾರು 467 ರೂಪಾಯಿ!

ಮೂರನೆಯದು ಗೋಡೆಯೊಳಗೆ ಕೂರುವ ಓವನ್ ಮತ್ತು ಅದರ ಎತ್ತರದ ಗೂಡು, 65,000. ನಮ್ಮ ಮನೆಯಲ್ಲಿ ಕೇಕ್ ಆಗುವುದು ವರ್ಷಕ್ಕೊಮ್ಮೆ, ಪುಟ್ಟಿಯ ಹುಟ್ಟುಹಬ್ಬಕ್ಕೆ, ಅದೂ ಕುಕ್ಕರಿನಲ್ಲಿ. ಹದಿನೈದು ಕೇಕಿಗೆ ಹಂಚಿದರೆ ಒಂದು ಕೇಕಿನ ಗೂಡುಬಾಡಿಗೆ 4,333 ರೂಪಾಯಿ. “ಅಷ್ಟು ದುಡ್ಡಿಗೆ ಬೇಕರಿಯವರು ಇಡೀ ಶಾಲೆಗೆ ಕೇಕ್ ಕೊಡ್ತಾರೆ ಅಪ್ಪ,” ಎಂದಳು ಪುಟ್ಟಿ. ಮಗ ನಕ್ಕು ಪೆನ್ನಿನಿಂದ ಎರಡನ್ನೂ ಹೊಡೆದುಹಾಕಿದ.

ಹಾಗೆಂದು ಕಡಿಮೆ ಬಳಸುವುದೆಲ್ಲ ಬೇಡವೆಂದಲ್ಲ. ಚಕ್ಕುಲಿ ಒರಳು ನನ್ನ ಅತ್ತೆಯವರದು. ಅದಕ್ಕೆ ಜಾಗ ಬೇಕು, ಆದರೆ ದುಬಾರಿ ಜಾಗ ಬೇಡ. ಅಟ್ಟದ ಮೇಲೆ ಒಂದು ಬಟ್ಟೆಯಲ್ಲಿ ಸುತ್ತಿಟ್ಟರೆ ಗೋಕುಲಾಷ್ಟಮಿಗೆ ಇಳಿಸಿಕೊಳ್ಳಬಹುದು.

ಗೆರೆ ಎಳೆಯಲಾಗದ್ದು

ಪುಟ್ಟಿಯ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಸಾಲು ಬೇರೆ ಇತ್ತು. ‘ಅಮ್ಮ ತರಕಾರಿ ಹೆಚ್ಚುವಾಗ ಕಾಲು ಅಗಲ ಮಾಡಿ ನಿಲ್ಲುತ್ತಾಳೆ. ಅಜ್ಜಿ ನಿಲ್ಲುವುದಿಲ್ಲ.’

ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ಸೊಸೆ ಅಡುಗೆಮನೆಗೆ ಬಂದಾಗ ನೋಡಿದೆ. ಹೌದು, ಎರಡು ಕಾಲನ್ನೂ ಅಗಲಿಸಿ, ಬೆನ್ನು ಬಗ್ಗಿಸಿ ನಿಂತಿದ್ದಳು. ಅವಳು ಐದಡಿ ಐದಿಂಚು, ನಾನು ನಾಲ್ಕಡಿ ಹತ್ತಿಂಚು. ಕಟ್ಟೆ ಕಟ್ಟಿಸಿದ್ದು ನನ್ನ ಅಳತೆಗೆ, ನೆಲದಿಂದ 31 ಇಂಚು. ಅವಳು ಈ ಮನೆಗೆ ಬಂದು ಹದಿನಾಲ್ಕು ವರ್ಷ. ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟಿ ಕೆಲಸಕ್ಕೆ ಹೋಗಿ, ಸಂಜೆ ಬಂದು ಮತ್ತೆ ಇದೇ ಕಟ್ಟೆಯ ಮುಂದೆ ನಿಲ್ಲುತ್ತಾಳೆ.

“ಬೆನ್ನು ನೋಯುತ್ತಾ?” ಎಂದು ಕೇಳಿದೆ.

“ಅಭ್ಯಾಸ ಆಗ್ಬಿಟ್ಟಿದೆ ಅತ್ತೆ,” ಎಂದಳು.

ಹಾಗೆಂದರೆ ನೋಯುತ್ತದೆ ಎಂದರ್ಥ. ಇದು ಎಲ್ಲಾ ಮನೆಯ ಅಜ್ಜಿಯರಿಗೂ ಗೊತ್ತು.

ಮಕ್ಕಳೇ, ಕಟ್ಟೆಯ ಎತ್ತರ ಅಳೆಯುವುದು ಬಹಳ ಸುಲಭ. ಅಡುಗೆ ಮಾಡುವವರು ನೇರವಾಗಿ ನಿಂತು ಮೊಣಕೈ ಮಡಚಬೇಕು. ನೆಲದಿಂದ ಮೊಣಕೈಗೆ ಎಷ್ಟು ಇಂಚೋ ಅದರಲ್ಲಿ ನಾಲ್ಕರಿಂದ ಆರು ಇಂಚು ಕಳೆದರೆ ಹೆಚ್ಚು ಕಡಿಮೆ ಸರಿಯಾದ ಎತ್ತರ ಸಿಗುತ್ತದೆ. ಸೊಸೆಯ ಮೊಣಕೈ 40 ಇಂಚು. ಐದು ಕಳೆದರೆ 35. ನನ್ನದು ಮೂವತ್ತಾರೂವರೆ, ಐದು ಕಳೆದರೆ ಮೂವತ್ತೊಂದೂವರೆ. ಇಬ್ಬರ ನಡುವೆ ಮೂರೂವರೆ ಇಂಚು. ನಿಮ್ಮ ಬೆರಳಲ್ಲಿ ಅಳೆದರೆ ಏನೂ ಅಲ್ಲ, ಬೆನ್ನಿನಲ್ಲಿ ಅಳೆದರೆ ಬಹಳ. ಕಟ್ಟೆಯ ಮೇಲೆ ಕೂರುವ ಗ್ಯಾಸ್ ಒಲೆ ಬೇರೆ ನಾಲ್ಕೈದು ಇಂಚು ಎತ್ತರವಿರುತ್ತದೆ. ಗಿಡ್ಡಗಿರುವವರು ಕುಕ್ಕರಿನೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲುವುದು ಅದಕ್ಕೇ.

ನನ್ನಮ್ಮನಿಗೆ ಈ ಸಮಸ್ಯೆಯೇ ಇರಲಿಲ್ಲ. ಅವರು ಕೂತು ಅಡುಗೆ ಮಾಡಿದವರು. ನೆಲದ ಮೇಲೆ ಮಣ್ಣಿನ ಒಲೆ, ಪಕ್ಕದಲ್ಲಿ ಈಳಿಗೆ ಮಣೆ, ಆಚೆ ಒರಳು. ಉದ್ದ ಗಿಡ್ಡ ಎಲ್ಲರೂ ಮಣೆಯ ಮೇಲೆ ಕೂತಾಗ ಒಂದೇ. ಗ್ಯಾಸ್ ಬಂದ ಮೇಲೆ ನಮ್ಮನ್ನು ಎಬ್ಬಿಸಿ ನಿಲ್ಲಿಸಿದರು. ಹೊಗೆ ಹೋಯಿತು, ಒಳ್ಳೆಯದಾಯಿತು; ಎತ್ತರದ ಲೆಕ್ಕ ಬಂತು.

ಇದರಲ್ಲಿ ಒಂದು ಸಂತೋಷದ ವಿಷಯವಿದೆ. ಕಟ್ಟೆಯನ್ನು 31 ಇಂಚಿಗೆ ಕಟ್ಟಿಸಿದರೂ 35 ಇಂಚಿಗೆ ಕಟ್ಟಿಸಿದರೂ ಖರ್ಚು ಹೆಚ್ಚು ಕಡಿಮೆ ಒಂದೇ. ಅಂಗಡಿಯ ಪಟ್ಟಿಯಲ್ಲಿ ಎತ್ತರಕ್ಕೆ ಬೆಲೆಯಿಲ್ಲ. ಆದರೆ ಕಟ್ಟಿದ ಮೇಲೆ ಬದಲಿಸಬೇಕೆಂದರೆ ಎಲ್ಲವನ್ನೂ ಒಡೆಯಬೇಕು. ಆದ್ದರಿಂದ ಮೊದಲು ಅಳೆಯಬೇಕು. ನಾವು ತೀರ್ಮಾನಿಸಿದ್ದು ಹೀಗೆ: ಒಲೆ, ಸಿಂಕು ಇರುವ ದೊಡ್ಡ ಕಟ್ಟೆ ಸೊಸೆಯ ಅಳತೆಗೆ, 35 ಇಂಚು. ಕಿಟಕಿಯ ಕೆಳಗೆ ಮೂರಡಿ ಉದ್ದದ ತಗ್ಗು ಕಟ್ಟೆ ನನ್ನ ಅಳತೆಗೆ. ಅದರ ಕೆಳಗೆ ಕಪಾಟು ಬೇಡ, ಕಾಲು ಚಾಚಿ ಸ್ಟೂಲಿನ ಮೇಲೆ ಕೂರಬಹುದು. ಹಳೆಯ ಕಪ್ಪು ಗ್ರಾನೈಟನ್ನು ಹುಷಾರಾಗಿ ಬಿಡಿಸಿ ಅದಕ್ಕೇ ಹಾಕಿಸಿದೆವು. ಪುಟ್ಟಿ ಚಪಾತಿ ಒತ್ತಲು ಕಲಿಯುವುದೂ ಅಲ್ಲೇ.

ಬಕೆಟ್ಟಿನ ಪರೀಕ್ಷೆ

ಇನ್ನು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು? ಕಪಾಟಿನಲ್ಲಿ ಕಣ್ಣಿಗೆ ಕಾಣುವುದು ಬಾಗಿಲು. ಅದರ ಮೇಲಿನ ಹೊಳಪಿಗೆ ಅಂಗಡಿಯವರು ಹೆಚ್ಚು ಬೆಲೆ ಹೇಳುತ್ತಾರೆ. ಆದರೆ ಅಡುಗೆಮನೆ ಹಾಳಾಗುವುದು ಒಳಗಿನ ಪೆಟ್ಟಿಗೆಯಿಂದ, ಅದರಲ್ಲೂ ಸಿಂಕಿನ ಕೆಳಗೆ. ಅಲ್ಲಿ ಯಾವ ಹಲಗೆ ಹಾಕುತ್ತಾರೆ ಎಂದು ಕೇಳಲೇಬೇಕು.

ಹಲಗೆಗಳಲ್ಲಿ ಜಾತಿಗಳಿವೆ. ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು ಪಾರ್ಟಿಕಲ್ ಬೋರ್ಡ್. ಮರದ ನಾರಿನ ಹುಡಿಯಿಂದ ಮಾಡಿದ್ದು ಎಂಡಿಎಫ್. ಮರದ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡ ಉದ್ದ ಅಂಟಿಸಿದ್ದು ಪ್ಲೈವುಡ್. ಪ್ಲೈವುಡ್ಡಿನಲ್ಲೂ ದರ್ಜೆಗಳುಂಟು. ಐಎಸ್ 303 ಎಂಬುದು ಮನೆಯ ಸಾಮಾನ್ಯ ಕೆಲಸಗಳಿಗೆ. ಐಎಸ್ 710 ಎಂಬುದು ನೀರಿನ ಜೊತೆ ಹೆಚ್ಚು ಸಂಬಂಧವಿರುವ ಕಡೆಗೆ. ಅದರ ತುಂಡನ್ನು 72 ಗಂಟೆ ಕುದಿಯುವ ನೀರಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಮೂರು ಹಗಲು ಮೂರು ರಾತ್ರಿ! ಹಲಗೆಯ ಮೇಲೆ ಐಎಸ್‌ಐ ಗುರುತು ಮತ್ತು ಈ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು. ಬಿಲ್ಲಿನಲ್ಲೂ ಬರೆಸಿಕೊಳ್ಳಬೇಕು.

ನಮಗೆ ಕುದಿಸಲು ಗ್ಯಾಸು ಯಾರು ಕೊಡುತ್ತಾರೆ? ಮೂರೂ ಕಡೆಯಿಂದ ಅಂಗೈಯಗಲದ ತುಂಡು ಕೇಳಿ ತಂದು, ಸ್ನಾನದ ಮನೆಯ ಬಕೆಟ್ಟಿನಲ್ಲಿ ನೆನೆಹಾಕಿದೆವು. ಎಲ್ಲವೂ 18 ಮಿಲಿಮೀಟರ್ ದಪ್ಪದವು. ಮೂರು ದಿನವಾದ ಮೇಲೆ ಪುಟ್ಟಿ ಸ್ಕೇಲು ಹಿಡಿದು ಅಳೆದಳು. ಎರಡನೆಯ ಅಂಗಡಿಯ ಪಾರ್ಟಿಕಲ್ ಬೋರ್ಡ್ ಹಾಲಿನಲ್ಲಿ ನೆನೆದ ರಸ್ಕಿನ ಹಾಗೆ ಅಂಚಿನಲ್ಲಿ 22 ಮಿಲಿಮೀಟರಿಗೆ ಉಬ್ಬಿತ್ತು. ಆಚಾರಿಯವರು ಕೊಟ್ಟ 710ರ ತುಂಡು ಸ್ಕೇಲಿನಲ್ಲಿ ತಿಳಿಯುವಷ್ಟು ಬದಲಾಗಿರಲಿಲ್ಲ. ಒಣ ಜಾಗದಲ್ಲಿ ಪಾರ್ಟಿಕಲ್ ಬೋರ್ಡ್ ಚೆನ್ನಾಗಿಯೇ ಬಾಳುತ್ತದೆ. ಆದರೆ ದಿನಕ್ಕೆ ಮೂರು ಸಲ ನೆಲ ಒರೆಸುವ, ಸಿಂಕಿನ ಪೈಪು ಆಗಾಗ ತೊಟ್ಟಿಕ್ಕುವ ನಮ್ಮಂಥ ಅಡುಗೆಮನೆಯ ಕೆಳಭಾಗಕ್ಕೆ ಅದು ಸಲ್ಲದು. 3,60,000ದ ಅಂದಾಜು ಅಲ್ಲಿಗೇ ಬಿದ್ದುಹೋಯಿತು.

ಸಿಂಕಿಗೂ ಇದೇ ಮಾತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ಎಂಬ ದರ್ಜೆ ಕೇಳಿ. ಅದರಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, 8 ನಿಕ್ಕೆಲ್ ಇರುತ್ತದೆ, ತುಕ್ಕಿಗೆ ಚೆನ್ನಾಗಿ ತಡೆಯುತ್ತದೆ. ಕೆಲವು ಅಜ್ಜಂದಿರು ಆಯಸ್ಕಾಂತ ಹಿಡಿದು ನೋಡುತ್ತಾರೆ. ಅಂಟದಿದ್ದರೆ ಒಳ್ಳೆಯದೆಂದು ಲೆಕ್ಕ. ಅದು ಸಾಲದು, ಏಕೆಂದರೆ ಅಗ್ಗದ 202 ದರ್ಜೆಗೂ ಆಯಸ್ಕಾಂತ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸುವುದೇ ದಾರಿ.

ದುಡ್ಡು ಎಲ್ಲಿಂದ?

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯಿತು. ಮಗ ಹೇಳಿದ: “ಮಾಡೋದಾದ್ರೆ ಒಂದೇ ಸಲ ಚೆನ್ನಾಗಿ ಮಾಡಿಸೋಣಮ್ಮ. ಮೂರು ಲಕ್ಷ ಸಾಲ ತಗೊಂಡ್ರೆ ತಿಂಗಳಿಗೆ ಹತ್ತು ಸಾವಿರ ಅಷ್ಟೇ.”

‘ಅಷ್ಟೇ’ ಎಂಬ ಪದ ಕೇಳಿದಾಗೆಲ್ಲ ಮಕ್ಕಳು ಪೆನ್ಸಿಲ್ ತೆಗೆಯಬೇಕು. ಶೇಕಡ 14ರ ಬಡ್ಡಿಗೆ ಮೂರು ವರ್ಷದ ಕಂತು ತಿಂಗಳಿಗೆ 10,253 ಎಂದು ಲೆಕ್ಕ ಬಂತು. ಪುಟ್ಟಿ 36ರಿಂದ ಗುಣಿಸಿದಳು: 3,69,108. ತಂದದ್ದು ಮೂರು ಲಕ್ಷ, ಕೊಡುವುದು ಮೂರು ಲಕ್ಷ ಅರವತ್ತೊಂಬತ್ತು ಸಾವಿರ. ಆ 69 ಸಾವಿರಕ್ಕೆ ಒಂದು ಡ್ರಾಯರೂ ಬರುವುದಿಲ್ಲ, ಒಂದು ಮೊಳೆಯೂ ಬರುವುದಿಲ್ಲ. ಸಾಲ ಕೆಟ್ಟದ್ದಲ್ಲ, ಈ ಮನೆ ಕಟ್ಟಿದ್ದೂ ಸಾಲದಲ್ಲೇ. ಆದರೆ ತಲೆ ಮೇಲೆ ಸೂರು ಬೇರೆ, ಮೂಲೆಯಲ್ಲಿ ತಿರುಗುವ ತಟ್ಟೆ ಬೇರೆ.

ಅಷ್ಟು ಹೊತ್ತು ಸುಮ್ಮನಿದ್ದ ತಾತ ಆಗ ಹೇಳಿದರು: “ಸಾಲ ಯಾಕೆ? ನನ್ನ ಎಫ್‌ಡಿ ಮುರಿಸಿ. ನಾಲ್ಕು ಲಕ್ಷ ಇದೆ. ಹುಡುಗಿ ಬೆನ್ನು ಬಗ್ಗಿಸಿ ನಿಂತ್ಕೊಳ್ಳೋದು ನಂಗೂ ಕಾಣತ್ತೆ.”

ಐದು ಲಕ್ಷಕ್ಕೆ ಕೂಗಾಡಿದ ಅದೇ ತಾತ! ಸೊಸೆಯ ಕಣ್ಣು ತುಂಬಿ ಬಂತು. “ಬೇಡ ಮಾವ, ಅದು ನಿಮ್ಮ ಮಂಡಿಗೆ,” ಎಂದಳು. ಅದು ನಿಜ. ಡಾಕ್ಟರು ಮಂಡಿಯ ಆಪರೇಷನ್ ಇವತ್ತಲ್ಲ ನಾಳೆ ಬೇಕಾದೀತು ಎಂದು ಹೇಳಿ ಎರಡು ವರ್ಷವಾಗಿದೆ. ತಾತ ದಿನ ದೂಡುತ್ತಿದ್ದಾರೆ. ಹೊಸ ಕಪಾಟಿಗೆ ಆ ದುಡ್ಡು ಹೋದರೆ ದೂಡಲು ಇನ್ನೊಂದು ನೆಪ ಸಿಕ್ಕಂತಾಗುತ್ತದೆ. ನಾನು ಖಂಡಿತವಾಗಿ ಆಗದು ಎಂದೆ.

ಆ ರಾತ್ರಿ ಲೆಕ್ಕದ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಎಲ್ಲರಿಗೂ ಓದಿ ಹೇಳಿದೆ.

ಒಂದು, ಆಸ್ಪತ್ರೆಗೆ ಇಟ್ಟ ದುಡ್ಡನ್ನೂ ಮಕ್ಕಳ ಓದಿಗೆ ಇಟ್ಟ ದುಡ್ಡನ್ನೂ ಮುಟ್ಟಬಾರದು. ಎರಡು, ಸಾಲ ಬೇಡ. ಮೂರು, ಮಿತಿಯನ್ನು ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ನಿಗದಿ ಮಾಡಬೇಕು. ನಾಲ್ಕು, ಮಿತಿಯಲ್ಲಿ ಹತ್ತನೇ ಒಂದು ಭಾಗವನ್ನು ಗೋಡೆಯೊಳಗಿನ ಸಂಗತಿಗಳಿಗೆ ಎತ್ತಿಡಬೇಕು, ಏಕೆಂದರೆ ಹಳೆಯ ಗೋಡೆ ಒಡೆದಾಗ ಏನು ಹೊರಬೀಳುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ಮಗ ಸೊಸೆ ಕೂಡಿಟ್ಟದ್ದು 1,80,000. ನನ್ನ ಪಿಂಚಣಿಯಲ್ಲಿ ಉಳಿಸಿದ್ದು 1,00,000. ನಮ್ಮ ಮಿತಿ 2,80,000.

ಆಚಾರಿಯವರನ್ನೇ ಕರೆದು, ಒಟ್ಟು ಮೊತ್ತ ಬೇಡ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಬರೆದುಕೊಡಿ ಎಂದೆವು. ಅವರ 2,40,000ದಲ್ಲಿ ಒಡೆಯುವ ಕೆಲಸ, ಪೈಪು, ಸಿಂಕು ಯಾವುದೂ ಸೇರಿರಲಿಲ್ಲ ಎಂದು ಆಗ ತಿಳಿಯಿತು. ಮೇಲಿನ ಕಪಾಟನ್ನು ಎರಡು ಗೋಡೆಗೆ ಬದಲು ಒಂದೇ ಗೋಡೆಗೆ ಸಾಕೆಂದೆವು. ಆರು ಡ್ರಾಯರಿನ ಬದಲು, ಪುಟ್ಟಿಯ ಪಟ್ಟಿಯ ಮೊದಲ ಮೂರಕ್ಕೆ ಮೂರು. ಕೊನೆಗೆ ತೆರಿಗೆ ಸೇರಿ ಲೆಕ್ಕ ಹೀಗಾಯಿತು:

ಒಡೆಯುವುದು, ನೀರಿನ ಪೈಪು, ಕರೆಂಟಿನ ಪಾಯಿಂಟು: 38,000
ಕೆಳಗಿನ ಕಪಾಟು, 710 ಪ್ಲೈವುಡ್, ಸಾದಾ ಲ್ಯಾಮಿನೇಟ್: 1,12,000
ಮೇಲಿನ ಕಪಾಟು, ಒಂದು ಗೋಡೆಗೆ: 34,000
ಮೂರು ಡ್ರಾಯರು: 27,000
ಹೊಸ ಗ್ರಾನೈಟು, ಹಳೆಯದನ್ನು ಕೂರಿಸುವ ಕೂಲಿ: 26,000
ಸಿಂಕು, ನಲ್ಲಿ: 11,000
ಎಕ್ಸಾಸ್ಟ್ ಫ್ಯಾನು: 2,500

ಒಟ್ಟು 2,50,500. ಚಿಮಣಿ ಈಗ ಬೇಡ. ಅದರ ಕರೆಂಟಿನ ಪಾಯಿಂಟು ಮತ್ತು ಗೋಡೆಯ ತೂತು ಮಾತ್ರ ಈಗಲೇ ಆಗಲಿ ಎಂದೆವು. ಮುಂದೆ ತಂದರೆ ಗೋಡೆ ಒಡೆಯುವುದು ತಪ್ಪುತ್ತದೆ. ದುಡ್ಡನ್ನೂ ಒಂದೇ ಸಲ ಕೊಡಲಿಲ್ಲ. ಹಲಗೆ ಮನೆಗೆ ಬಂದು ಗುರುತು ನೋಡಿದ ಮೇಲೆ ಒಂದು ಕಂತು, ಕಪಾಟು ಕೂತ ಮೇಲೆ ಒಂದು, ಎಲ್ಲ ಬಾಗಿಲೂ ಮುಚ್ಚುತ್ತವೆ ಎಂದು ನೋಡಿದ ಮೇಲೆ ಕೊನೆಯದು.

ಮೂರು ವಾರ ನಡುಮನೆಯಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡು ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿಯಲ್ಲೇ ಕಳೆದೆವು. ಗೋಡೆ ಒಡೆದಾಗ ತುಕ್ಕು ಹಿಡಿದು ಸೋರುತ್ತಿದ್ದ ಹಳೆಯ ಕಬ್ಬಿಣದ ಪೈಪು ಸಿಕ್ಕಿತು. ಅದನ್ನು ಬದಲಿಸಲು 17,000. ನಾಲ್ಕನೆಯ ಸಾಲು ಕೈಹಿಡಿಯಿತು. ಒಟ್ಟು ಖರ್ಚು 2,67,500. ಉಳಿದ 12,500 ಚಿಮಣಿಯ ಹುಂಡಿಗೆ.

ಹೊಸ ಅಡುಗೆಮನೆ ಅಂಗಡಿಯ ಚಿತ್ರದ ಹಾಗೇನೂ ಇಲ್ಲ. ಮೂಲೆಯ ಕಪಾಟಿಗೆ ಈಗಲೂ ಬಗ್ಗಿಯೇ ಕೈಹಾಕಬೇಕು. ಮಗನಿಗೆ ಸ್ವಲ್ಪ ಬೇಸರವಿದೆ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಸೊಸೆ ಈಗ ಎರಡೂ ಕಾಲು ಜೋಡಿಸಿ ನಿಂತು ಬೀನ್ಸ್ ಹೆಚ್ಚುತ್ತಾಳೆ. ನಾನು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತೇನೆ. ತಾತನ ಎಫ್‌ಡಿ ಇದ್ದ ಹಾಗೇ ಇದೆ. ಡಾಕ್ಟರ ಬಳಿ ಹೋಗಲು ಈಗ ಅವರಿಗೆ ನೆಪ ಉಳಿದಿಲ್ಲ. ದೀಪಾವಳಿ ಕಳೆದ ಮೇಲೆ ದಿನ ಗೊತ್ತು ಮಾಡಿಸುತ್ತೇನೆ ಎಂದು ಪುಟ್ಟಿಗೆ ಮಾತು ಕೊಟ್ಟಿದ್ದಾರೆ.

ಈ ವಾರದ ಮನೆಕೆಲಸ

ಮಕ್ಕಳೇ, ನಿಮ್ಮ ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರು ಯಾರು ಎಂದು ಮೊದಲು ಬರೆದುಕೊಳ್ಳಿ. ಟೇಪು ತೆಗೆದುಕೊಂಡು ಅವರ ಮೊಣಕೈ ಎತ್ತರ ಅಳೆಯಿರಿ, ಆಮೇಲೆ ಕಟ್ಟೆಯನ್ನು ಅಳೆಯಿರಿ. ಎಷ್ಟು ಇಂಚು ವ್ಯತ್ಯಾಸ? ಕಟ್ಟೆ ಎತ್ತರವಾಗಿ ಅವರಿಗೆ ಎಟುಕದಿದ್ದರೆ ಒಂದು ಗಟ್ಟಿಯಾದ ಮಣೆ ಹುಡುಕಿ ಕಾಲ ಕೆಳಗೆ ಇಡಬಹುದು. ಕಟ್ಟೆ ತಗ್ಗಾಗಿದ್ದರೆ ಹೆಚ್ಚುವ ಹಲಗೆಯ ಕೆಳಗೆ, ಅಲುಗಾಡದ ಹಾಗೆ, ಇನ್ನೊಂದು ದಪ್ಪ ಹಲಗೆ ಇಡಬಹುದು. ಇದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.

ಅಜ್ಜ ಅಜ್ಜಿಯರೇ, ನಿಮ್ಮ ಕೆಲಸ ಮಕ್ಕಳು ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯುವುದು. ಹಾಗೆಯೇ, ನೀವು ಮನೆ ಕಟ್ಟಿದ ವರ್ಷದಲ್ಲಿ ಒಂದು ಮೂಟೆ ಸಿಮೆಂಟಿಗೆ ಎಷ್ಟಿತ್ತು ಎಂದು ನೆನಪಿದ್ದರೆ ಮೊಮ್ಮಕ್ಕಳಿಗೆ ಹೇಳಿ.

ಮುಂದಿನ ವಾರ ಇನ್ನೊಂದು ಲೆಕ್ಕದೊಂದಿಗೆ ಬರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಅಜ್ಜಿ